ಲೈಬ್ರರಿಗೆ ಹೊಸ ಪುಸ್ತಕ ಬಂದಿದ್ದು ಗೊತ್ತಾಗುವುದು ಹೇಗೆ? ದಾವಣಗೆರೆ, ದುರ್ಗದವರ ಅನುಭವ

ಕೇಳಿದವರು, ನಿಟುವಳ್ಳಿ, ದಾವಣಗೆರೆ:
ನಮ್ಮ ಅಪ್ಪಾಜಿಗೆ ಎಪ್ಪತ್ತೆರಡು ವರ್ಷ. ಕಾಟನ್ ಮಿಲ್ಲಿನಲ್ಲಿ ದುಡಿದವರು, ಈಗ ಬೆಳಗಿನಿಂದ ಸಂಜೆವರೆಗೆ ಓದುವುದೇ ಕೆಲಸ. ಆದರೆ ಕಥೆ, ಕಾದಂಬರಿ ಮುಟ್ಟುವುದಿಲ್ಲ. "ನಡೆದದ್ದು ಇದ್ದರೆ ತಗೊಂಡು ಬಾ" ಅನ್ನುತ್ತಾರೆ. ಅಂದರೆ ಇತಿಹಾಸ, ಜೀವನಚರಿತ್ರೆ, ಬೇಸಾಯ, ವಿಜ್ಞಾನ ಇಂಥವು. ನಾನು ಹೋದಾಗಲೆಲ್ಲ ಅದೇ ಬೆನ್ನು ಕಿತ್ತ ಹಳೇ ಪುಸ್ತಕಗಳೇ ಸಿಗುತ್ತವೆ. ಹೊಸವು ಬರುವುದೇ ಇಲ್ವಾ, ಇಲ್ಲ ನಾನು ಹುಡುಕುವ ಜಾಗವೇ ತಪ್ಪಾ? ಗೊತ್ತಿದ್ದವರು ತಿಳಿಸಿ.

ವಿದ್ಯಾನಗರದಿಂದ, ಹದಿನಾಲ್ಕು ವರ್ಷದಿಂದ ಸದಸ್ಯ:
ಜಾಗ ತಪ್ಪು ಅಕ್ಕ. ಪುಸ್ತಕ ಬಂದಿರುತ್ತವೆ, ಕಪಾಟಿಗೆ ಬಂದಿರುವುದಿಲ್ಲ. ಬಂಡಲ್ ಬಂದಮೇಲೆ ಒಂದೊಂದನ್ನೂ ರಿಜಿಸ್ಟರಿಗೆ ಹತ್ತಿಸಬೇಕು, ನಂಬರ್ ಕೊಡಬೇಕು, ಒಳಗೆ ಸೀಲ್ ಹೊಡೆಯಬೇಕು, ಬೆನ್ನಿಗೆ ಚೀಟಿ ಅಂಟಿಸಬೇಕು, ಹಿಂದಿನ ಪುಟಕ್ಕೆ ತಾರೀಖು ಹಾಕುವ ಚೀಟಿ ಅಂಟಿಸಬೇಕು. ಇದನ್ನೆಲ್ಲ ಮಾಡುವವರು ಒಬ್ಬರೋ ಇಬ್ಬರೋ, ಅವರೇ ಪೇಪರ್ ಜೋಡಿಸಬೇಕು, ಅವರೇ ಸದಸ್ಯತ್ವದ ಅರ್ಜಿ ನೋಡಬೇಕು.

ಯಾವ ಶಾಖೆ ಅಂತ ಹೇಳುವುದಿಲ್ಲ, ಒಂದು ಸಲ ನಾನು ಹೋದಾಗ ಮೇಜಿನ ಕೆಳಗೆ ದಾರ ಬಿಗಿದ ಮೂರು ಬಂಡಲ್ ಇದ್ದವು, ಒಂದರ ಮೇಲೆ ಮೇಲ್ವಿಚಾರಕರ ಟಿಫನ್ ಡಬ್ಬಿ. "ಸರ್, ಅದರಲ್ಲಿ ಏನಿದೆ?" ಅಂದೆ. "ಬಂದು ತಿಂಗಳಾಯ್ತಪ್ಪ, ನಂಬರ್ ಹಾಕೋಕೆ ಪುರುಸೊತ್ತಿಲ್ಲ" ಅಂದರು. ಚೀಟಿ ನಾನು ಅಂಟಿಸಿ ಕೊಡಲಾ ಅಂದರೆ ಮೊದಲು ನಕ್ಕರು, ಆಮೇಲೆ ಗೋಂದಿನ ಬಾಟಲಿ ಮುಂದಿಟ್ಟರು. ಅವರು ಬರೆದರು, ನಾನು ಅಂಟಿಸಿದೆ. ಮೂರು ಗಂಟೆಯಲ್ಲಿ ನಲವತ್ತು ಚಿಲ್ಲರೆ ಪುಸ್ತಕ ಮುಗಿದವು. ಅರ್ಧಕ್ಕಿಂತ ಜಾಸ್ತಿ ನಿಮ್ಮ ಅಪ್ಪಾಜಿ ಹೇಳುವ ಥರದವೇ! ಮಣ್ಣಿನ ಪರೀಕ್ಷೆ, ಸಕ್ಕರೆ ಕಾಯಿಲೆ, ಸ್ವಾತಂತ್ರ್ಯ ಹೋರಾಟಗಾರರ ಬದುಕು, ನಕ್ಷತ್ರ ನೋಡುವುದು ಹೇಗೆ ಅಂತ ಒಂದು. ಸೀಲಿನ ಇಂಕು ಇನ್ನೂ ಒಣಗಿರಲಿಲ್ಲ, ಎರಡು ಪುಸ್ತಕ ಕೈಗೆ ಹಾಕಿಕೊಂಡು ಬಂದೆ. ಆಮೇಲಿಂದ ಬಂಡಲ್ ಬಂದರೆ ಅವರೇ ಫೋನ್ ಮಾಡುತ್ತಾರೆ.

ನೀವು ಗೋಂದು ಹಚ್ಚಬೇಕಿಲ್ಲ ಬಿಡಿ. ಅಕ್ಸೆಷನ್ ರಿಜಿಸ್ಟರ್ ಅಂತ ದಪ್ಪ ಪುಸ್ತಕ ಇರುತ್ತದೆ, ಬಂದ ಪುಸ್ತಕವೆಲ್ಲ ಬಂದ ಸಾಲಿನಲ್ಲೇ ಅದರಲ್ಲಿ ಏರುತ್ತದೆ. "ಸರ್, ಕೊನೇ ಎರಡು ಪುಟ ನೋಡಬಹುದಾ?" ಅಂತ ಕೇಳಿ. ಅದೇ ಹೊಸ ಪುಸ್ತಕದ ಪಟ್ಟಿ. ಹೆಸರು, ನಂಬರ್ ಬರೆದುಕೊಂಡು ಕೊಟ್ಟರೆ ಹುಡುಕಿ ಕೊಡುತ್ತಾರೆ. ಕೆಲವರು ತೋರಿಸಲು ಹಿಂದೆಮುಂದೆ ನೋಡುತ್ತಾರೆ, ಆಗ ವಾದ ಮಾಡಬೇಡಿ, ಮುಂದಿನ ವಾರ ಮತ್ತೆ ಹೋಗಿ. ಸೋಮವಾರ ಮಾತ್ರ ಹೋಗಬೇಡಿ, ರಜೆ.

ಪಿ.ಜೆ. ಬಡಾವಣೆಯಿಂದ:
ಮೇಲಿನ ಮಾತು ಸರಿ, ಒಂದು ಸೇರಿಸುತ್ತೇನೆ. ನಾನು ಪರೀಕ್ಷೆಗೆ ಓದಲು ಹೋಗುವವನು. ವಿಜ್ಞಾನ, ಸಂವಿಧಾನ, ಅರ್ಥಶಾಸ್ತ್ರ ಅಂತ ಏನೇ ಹೊಸದು ಬಂದರೂ ಸ್ಪರ್ಧಾತ್ಮಕ ಪರೀಕ್ಷೆಯ ಕಪಾಟಿಗೆ ಸೇರಿಬಿಡುತ್ತದೆ. ನಮ್ಮ ಹುಡುಗರು ಅದನ್ನು ಓದುವುದಿಲ್ಲ, ಗೈಡ್ ಓದುತ್ತಾರೆ. ಹಾಗಾಗಿ ಆ ಕಪಾಟು ಒಮ್ಮೆ ನೋಡಿ. ಹಿಂದಿನ ಪುಟದ ಚೀಟಿಯಲ್ಲಿ ಒಂದೂ ತಾರೀಖು ಇಲ್ಲದಿದ್ದರೆ ಅದನ್ನು ಇನ್ನೂ ಯಾರೂ ಮನೆಗೆ ಒಯ್ದಿಲ್ಲ ಅಂತ ಅರ್ಥ. ಬೆನ್ನಿನ ಚೀಟಿಯಲ್ಲಿ ಡ್ಯೂಯಿ ಪದ್ಧತಿಯ ನಂಬರ್, ಅಂದರೆ ವಿಷಯಕ್ಕೊಂದು ನಂಬರ್, ಹಾಕಿದ್ದರೆ ಇನ್ನೂ ಸುಲಭ: 500 ವಿಜ್ಞಾನ, 610 ವೈದ್ಯ, 630 ಬೇಸಾಯ, 920 ಜೀವನಚರಿತ್ರೆ, 954 ಭಾರತದ ಇತಿಹಾಸ. ಕಥೆ, ಕಾದಂಬರಿ ಎಲ್ಲ 800ರಲ್ಲಿ, ಆ ಕಡೆ ತಿರುಗಲೇಬೇಡಿ.

ಚಿತ್ರದುರ್ಗದಿಂದ, ನಿವೃತ್ತ ಶಿಕ್ಷಕ:
ಅಮ್ಮಾ, ನಿಮ್ಮ ತಂದೆಯವರಿಗೆ ಊರಿನ ಇತಿಹಾಸ ಇಷ್ಟ ಇದ್ದರೆ ಒಂದು ಗುಟ್ಟು. "ದಾವಣಗೆರೆ ಜಿಲ್ಲೆ" ಅಂತ ಹುಡುಕಿದರೆ ಹಳೆಯದು ಸಿಗುವುದಿಲ್ಲ, ಯಾಕೆಂದರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ನಮ್ಮ ದುರ್ಗದಲ್ಲೇ ಇದ್ದವು. ಆ ಕಾಲದ್ದು ಬೇಕಾದರೆ ಚಿತ್ರದುರ್ಗ ಅಂತಲೇ ಹುಡುಕಬೇಕು. ಹೊನ್ನಾಳಿ, ಚನ್ನಗಿರಿ, ಸೂಳೆಕೆರೆ ವಿಷಯ ಬೇಕಾದರೆ ಶಿವಮೊಗ್ಗ ಅಂತ. ಶಾಸನಗಳ ಸಂಪುಟವೂ ಹಾಗೆಯೇ, ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗದ್ದು, ದಾವಣಗೆರೆ ತಾಲ್ಲೂಕಿನವೂ ಅದರಲ್ಲೇ ಇವೆ. ಅಂಥವನ್ನು ಮನೆಗೆ ಕೊಡುವುದಿಲ್ಲ, ಪರಾಮರ್ಶನ ವಿಭಾಗದಲ್ಲಿ ಕೂತು ಓದಬೇಕು. ಕನ್ನಡಕ, ನೀರಿನ ಬಾಟಲಿ ಜೊತೆಗಿರಲಿ.

ಇನ್ನೊಂದು, ಬೇಡಿಕೆ ಬರೆದು ಕೊಡಿ. ನಮ್ಮ ಬ್ರಹ್ಮಗಿರಿ ವಿಷಯಕ್ಕೆ ನಾನು ಹಾಗೆ ಮಾಡಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಅಶೋಕನ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದರು, 1947ರಲ್ಲಿ ಪುರಾತತ್ವಜ್ಞ ವೀಲರ್ ಬಂದು ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದರು, ಇಷ್ಟು ಸಣ್ಣ ಮಕ್ಕಳಿಗೂ ಹೇಳಿಕೊಟ್ಟವನು ನಾನು. ಆದರೆ ಈಚೆಗೆ ಬರೆದ ಪುಸ್ತಕ ಒಂದೂ ಕೈಗೆ ಸಿಕ್ಕಿರಲಿಲ್ಲ. ಸುಮ್ನೆ "ಇತಿಹಾಸದ ಪುಸ್ತಕ ತರಿಸಿ" ಅಂತ ಬರೆದರೆ ಕೆಲಸ ಆಗುವುದಿಲ್ಲ. ಹೆಸರು, ಬರೆದವರು, ಪ್ರಕಾಶನ, ಬೆಲೆ, ಇಷ್ಟೂ ಬೇಕು, ಜೊತೆಗೆ ನಾಲ್ಕೈದು ಸದಸ್ಯರ ಸಹಿ ಹಾಕಿಸಿ. ನಾನು ಕೊಟ್ಟ ಆರರಲ್ಲಿ ಎರಡು ಬಂದವು, ಅದೂ ಒಂಬತ್ತು ತಿಂಗಳಿಗೆ. ನನಗೆ ಅಷ್ಟಕ್ಕೇ ಖುಷಿ.

ದಾವಣಗೆರೆಯಿಂದ, ಪುಸ್ತಕ ವ್ಯಾಪಾರದವನು:
ಎಲ್ಲರೂ ಚೆನ್ನಾಗಿ ಹೇಳಿದ್ದೀರಿ, ಆದರೆ "ಹೊಸದು" ಅನ್ನುವ ಮಾತಿನಲ್ಲೇ ಎಡವಟ್ಟಿದೆ. ಲೈಬ್ರರಿಗೆ ಹೊಸದಾಗಿ ಬಂದದ್ದು ಬೇರೆ, ಹೊಸದಾಗಿ ಅಚ್ಚಾದದ್ದು ಬೇರೆ. ಲೈಬ್ರರಿಗಳಿಗೆ ಸರ್ಕಾರ ಮಾಡುವ ಸಗಟು ಖರೀದಿ ಅಂದರೆ ಪ್ರಕಾಶಕರು ಮಾದರಿ ಪ್ರತಿ ಕೊಡಬೇಕು, ಆಯ್ಕೆ ಸಮಿತಿ ನೋಡಬೇಕು, ಪಟ್ಟಿ ಆಗಬೇಕು, ಆದೇಶ ಬರಬೇಕು, ಆಮೇಲೆ ಸರಬರಾಜು. ಈ ವರ್ಷ ಅಚ್ಚಾದ ಪುಸ್ತಕ ಈ ವರ್ಷವೇ ಬರುತ್ತದೆ ಅಂತ ಕಾಯಬೇಡಿ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದಲೂ ಪುಸ್ತಕಗಳು ಬರುತ್ತವೆ, ಅದರ ಲೆಕ್ಕ ಬೇರೆ. ಹಾಗಂತ ಲೈಬ್ರರಿ ಬಿಡಬೇಡಿ, ಅದು ನಿಮ್ಮದೇ ದುಡ್ಡು. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ಆಸ್ತಿ ತೆರಿಗೆಯ ಮೇಲೆ ಶೇ 6. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ವ್ಯಾಪಾರಿ ಆಗಿ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ಮೊದಲು ಲೈಬ್ರರಿಯಲ್ಲಿ ಓದಿ, ಮತ್ತೆ ಓದಬೇಕು ಅನ್ನಿಸಿದ್ದನ್ನು ಮಾತ್ರ ಕೊಳ್ಳಿ.

ಹರಿಹರದಿಂದ:
ಮೊಬೈಲಿನಲ್ಲಿ ಓದುತ್ತಾರಾ? ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಅಂತ 2020ರಲ್ಲಿ ಶುರುವಾಗಿದೆ, ದುಡ್ಡು ಕೊಡಬೇಕಿಲ್ಲ. ನಮ್ಮ ಮಾವನವರಿಗೆ ಹಾಕಿಕೊಟ್ಟೆ, ಎರಡು ದಿನಕ್ಕೆ ಕಣ್ಣು ಉರಿ ಅಂದರು.

ಹೊನ್ನಾಳಿ ಕಡೆಯಿಂದ:
ಹಳ್ಳಿ ಕಡೆ ನೆಂಟರಿದ್ದರೆ ಗ್ರಾಮ ಪಂಚಾಯ್ತಿ ಲೈಬ್ರರಿ ನೋಡಿ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಪುಸ್ತಕ ಕಡಿಮೆ, ಆದರೆ ಓದುವವರೂ ಕಡಿಮೆ. ನಮ್ಮೂರಲ್ಲಿ ಬೇಸಾಯದ ಪುಸ್ತಕಗಳು ಮಡಿಕೆ ಬೀಳದೆ ಇವೆ, ಅಡಿಕೆ ರೋಗದ ಬಗ್ಗೆ ಇದ್ದದ್ದು ಮಾತ್ರ ಹಾಳೆ ಹಾಳೆ ಆಗಿದೆ. ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಕೇಳಿದವರು, ಹದಿನೈದು ದಿನದ ಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಈ ಸಲ ಅಪ್ಪಾಜಿಯನ್ನೇ ಕರೆದುಕೊಂಡು ಹೋದೆ. ಅವರ ಹೆಸರಲ್ಲೇ ಕಾರ್ಡ್ ಮಾಡಿಸಿದೆ, ಕಾರ್ಡ್ ವಾಪಸ್ ಕೊಟ್ಟರೆ ಠೇವಣಿ ವಾಪಸ್ ಅಂದರು. ರಿಜಿಸ್ಟರ್ ಕೇಳಿದೆ, ತೋರಿಸಿದರು. ಕೊನೇ ಪುಟದಲ್ಲಿ ಜೇನು ಸಾಕಣೆಯದೊಂದು, ರೈಲ್ವೆ ಇತಿಹಾಸದ್ದೊಂದು ಇತ್ತು. ಎರಡೂ ಇದ್ದದ್ದು ಪರೀಕ್ಷೆ ಪುಸ್ತಕದ ಕಪಾಟಿನಲ್ಲಿ! ರೈಲ್ವೆ ಪುಸ್ತಕ ನಡುರಾತ್ರಿವರೆಗೆ ಓದಿ ಬೆಳಿಗ್ಗೆ ಮಾಡಿದ್ದೇ ಜಗಳ. ಮೀಟರ್ ಗೇಜ್ ಕಾಲದಲ್ಲಿ ದಾವಣಗೆರೆಯಿಂದ ಅರಳೆ ಹೇಗೆ ಹೋಗುತ್ತಿತ್ತು ಅಂತ ಇವರಿಗೇನು ಗೊತ್ತು, ಲೋಡ್ ಮಾಡಿಸಿದವನು ನಾನು ಅಂತ.

ಈಗ ಹೊಸ ತಾಪತ್ರಯ. ಜಗಳ ಬರೀ ಬಾಯಲ್ಲಿ ನಿಂತಿಲ್ಲ, ಪುಸ್ತಕದ ಅಂಚಿನಲ್ಲಿ "ತಪ್ಪು" ಅಂತ ಮೂರು ಕಡೆ ಬರೆದಿದ್ದಾರೆ. ವಾಪಸ್ ಕೊಡುವಾಗ ದಂಡ ಹಾಕುತ್ತಾರಾ?

ವಿದ್ಯಾನಗರದಿಂದ:
ಪೆನ್ಸಿಲ್ ಆದರೆ ರಬ್ಬರಿನಲ್ಲಿ ಮೆಲ್ಲಗೆ ಅಳಿಸಿ ಕೊಡಿ. ಅದಕ್ಕೆ ಮುಂಚೆ ಆ ಮೂರೂ ಪುಟದ ಫೋಟೊ ಹಾಕಿ ಅಕ್ಕ, ಏನು ತಪ್ಪು ಅಂತ ನಾವೂ ನೋಡೋಣ.