ಮೂರನೇ ಕೆಂಪು ಟಿಕ್

ಗುಂಪು: ಎಲೆಕ್ಟ್ರಾನಿಕ್ಸ್ 98 ಬ್ಯಾಚ್

ಮಂಜುನಾಥ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ನಾಳೆಯಿಂದ ಹೊಸ ನಿಯಮ!! ಎಲ್ಲಾ ಕರೆ, ಮೆಸೇಜ್ ಸರ್ಕಾರದ ಕಣ್ಗಾವಲಿನಲ್ಲಿ. ಎರಡು ನೀಲಿ ಒಂದು ಕೆಂಪು ಟಿಕ್ ಬಂದರೆ ಎಚ್ಚರ. ಮೂರೂ ಕೆಂಪಾದರೆ ಕೋರ್ಟ್ ಸಮನ್ಸ್. ಎಲ್ಲರಿಗೂ ಕಳಿಸಿ 🙏🙏

ಶೈಲಾ: ಮಂಜಾ, ಸುಳ್ಳು ಕಣೋ ಇದು. ಒಂದು ಟಿಕ್ ಅಂದ್ರೆ ಸರ್ವರ್‌ಗೆ ಹೋಯ್ತು, ಎರಡು ಅಂದ್ರೆ ಆ ಕಡೆ ಫೋನಿಗೆ ಮುಟ್ತು, ನೀಲಿ ಅಂದ್ರೆ ಓದಿದ್ರು. ಅಷ್ಟೇ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿನೇ ಸುಳ್ಳು ಅಂತ ಹೇಳಿದೆ. ಆದ್ರೂ ಊರಹಬ್ಬದ ಥರ ತಿರುಗಿ ತಿರುಗಿ ಬರುತ್ತೆ.

ಮಂಜುನಾಥ: ಜಾಗ್ರತೆಗೆ ಹಾಕ್ದೆ ಮಾರಾಯ್ತಿ. ಬೆಂಕಿ ಇಲ್ದೆ ಹೊಗೆ ಆಡುತ್ತಾ?

ಬಸವರಾಜ: ಬೆಂಕಿ ಐತಿ, ಆದ್ರ ಬ್ಯಾರೆ ಕಡೆ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಸೆಕ್ಷನ್ 69 ನೋಡು, ಫೋನು-ಕಂಪ್ಯೂಟರಿನ ಮಾಹಿತಿ ಸರ್ಕಾರ ಕದ್ದು ನೋಡಾಕ ಅವಕಾಶ ಕೊಡ್ತದ. 2018ರ ಡಿಸೆಂಬರ್ 20ಕ್ಕ ಕೇಂದ್ರ ಗೃಹ ಇಲಾಖೆ ಹಂಗ ನೋಡೂ ಅಧಿಕಾರ ಇರೋ 10 ಏಜೆನ್ಸಿಗಳ ಪಟ್ಟಿ ಹೊರಡಿಸ್ತು. ಅನುಮತಿ ಕೊಡೋದು ಗೃಹ ಕಾರ್ಯದರ್ಶಿ, ಜಡ್ಜ್ ಅಲ್ಲ. ಒಂದ್ ಆದೇಶ 60 ದಿನ, ಎಳದ್ರ 180 ದಿನ. ಪರಿಶೀಲನಾ ಸಮಿತಿಯಾಗ ಇರೋರೂ ಅಧಿಕಾರಿಗಳೇ. ಇದೆಲ್ಲಾ ಗುಪ್ತವಾಗಿ ನಡೆಯೂದು. ಟಿಕ್ ಹಾಕಿ ನಿನಗ್ಯಾರು ತಿಳಸ್ತಾರ?

ರಮೇಶ: ಮುಚ್ಚಿಡೋದು ಏನೂ ಇಲ್ದೋರಿಗೆ ಯಾಕಪ್ಪಾ ಹೆದರಿಕೆ?

ಶೈಲಾ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ಜಡ್ಜ್‌ಗಳು ಒಮ್ಮತದಿಂದ ಹೇಳಿದ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಲ್ಲೇ ಜಡ್ಜ್ ಆಗಿದ್ದ ಪುಟ್ಟಸ್ವಾಮಿಯವರು. ಅವರಿಗೇನು ಮುಚ್ಚಿಡೋದಿತ್ತೋ?

ರಮೇಶ: ಅದು ಸರಿ. ಆದ್ರೆ 2018ರ ಜುಲೈ ನೆನಪಿದೆಯಾ, ಬೀದರ್ ಜಿಲ್ಲೆ ಮುರ್ಕಿ? ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಇಂಜಿನಿಯರ್ ಒಬ್ಬನನ್ನ ಹೊಡೆದು ಸಾಯಿಸಿದ್ರು. ಅಂಥದ್ದನ್ನ ಮೊದಲು ಹರಿಬಿಟ್ಟೋನು ಯಾರು ಅಂತ ಪೊಲೀಸರಿಗೆ ಗೊತ್ತಾಗ್ಬಾರ್ದಾ?

ಶೈಲಾ: ಗೊತ್ತಾಗ್ಬೇಕು. 2021ರ ಐಟಿ ನಿಯಮ 4(2) ಕೇಳೋದೂ ಅದನ್ನೇ. ಕೆಲಸ ಹೇಗೆ ಮಾಡುತ್ತೆ ನೋಡು. ಯಾವ ಮೆಸೇಜ್ ನಾಳೆ ಕೇಸ್ ಆಗುತ್ತೋ ಇವತ್ತು ಗೊತ್ತಿರಲ್ಲ, ಹಾಗಾಗಿ ಎಲ್ಲರ ಎಲ್ಲಾ ಮೆಸೇಜಿಗೂ ಗುರುತು ಇಟ್ಕೊಂಡಿರ್ಬೇಕು. ಇಷ್ಟಾಗಿಯೂ ಮಂಜ ಇದನ್ನ ಫಾರ್ವರ್ಡ್ ಮಾಡ್ದೆ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಹೊಸ ಮೆಸೇಜು. ಅಲ್ಲಿಂದಾಚೆಗೆ ‘ಮೊದಲು ಕಳಿಸಿದೋನು’ ಮಂಜನೇ!

ಬಸವರಾಜ: ಮ್ಯಾಲ ಇನ್ನೊಂದು. ಮೂಲ ಕಳ್ಸಿದಾವ ದೇಶದ ಹೊರಗಿದ್ರ, ಭಾರತದಾಗ ಮೊದಲ ಕಳ್ಸಿದಾವನ್ನೇ ಮೂಲ ಅಂತ ತಿಳೀಬೇಕು ಅಂತ ಅದೇ ನಿಯಮ ಹೇಳ್ತದ. ದುಬೈದಿಂದ ಬಂದದ್ದನ್ನ ಮುಂದ ತಳ್ಳಿದ್ರ ನಿನ್ನ ತಲಿಗೇ ಬರ್ತದ.

ಮಂಜುನಾಥ: ಡಿಲೀಟ್ ಮಾಡ್ದೆ 😐

ರಮೇಶ: ಸರಿ, ಮೆಸೇಜ್ ಎನ್‌ಕ್ರಿಪ್ಟೆಡ್, ಅಂದ್ರೆ ಬೀಗ ಹಾಕಿರುತ್ತೆ, ಕಳಿಸಿದೋರು ಪಡೆದೋರು ಬಿಟ್ಟು ಯಾರಿಗೂ ಓದಕ್ಕಾಗಲ್ಲ ಅಂತಾರೆ. ಮತ್ತೆ ಟೀವಿಯಲ್ಲಿ ಚಾಟ್ ಎಲ್ಲಾ ಹೇಗೆ ಬರುತ್ತೆ?

ಶೈಲಾ: ದಾರೀಲಿ ಯಾರೂ ಒಡೆಯಲ್ಲ ಕಣೋ, ಮನೇಲೇ ಸೋರೋದು. ಅನ್‌ಲಾಕ್ ಆಗಿರೋ ಫೋನು, ಯಾರೋ ತೆಗೆದ ಸ್ಕ್ರೀನ್‌ಶಾಟು, ಇಲ್ಲಾ ಬ್ಯಾಕಪ್ಪು. ಗೂಗಲ್ ಡ್ರೈವ್ ಬ್ಯಾಕಪ್‌ಗೆ ವಾಟ್ಸಾಪ್ ಬೀಗ ತಾನಾಗಿ ಬೀಳಲ್ಲ, ನಾವೇ ಹಾಕ್ಬೇಕು. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಕೆಳಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಆನ್ ಮಾಡಿ ಪಾಸ್‌ವರ್ಡ್ ಕೊಡಿ, ಇಲ್ಲಾ 64 ಅಂಕಿ-ಅಕ್ಷರದ ಕೀ ತಗೊಳ್ಳಿ. ಫೋನೂ ಹೋಗಿ ಅದೂ ಮರೆತ್ರೆ ಹಳೇ ಚಾಟ್ ಮುಗೀತು, ವಾಟ್ಸಾಪಿನೋರೂ ತೆಗೆದುಕೊಡಲ್ಲ.

ಬಸವರಾಜ: ಐಫೋನ್ ಇದ್ದವರು ಇಲ್ಲೇ ಜಾರ್ತಾರ. ಇಡೀ ಫೋನಿನ ಐಕ್ಲೌಡ್ ಬ್ಯಾಕಪ್ ಆನ್ ಇದ್ರ, ಚಾಟಿನ ಬೀಗ ಇಲ್ಲದ ಇನ್ನೊಂದು ಪ್ರತಿ ಅದರ ಜೋಡಿ ಹೋಗ್ತದ. ಅದನ್ನೂ ಬಂದ್ ಮಾಡ್ಬೇಕು. ಲಿಂಕ್ಡ್ ಡಿವೈಸಸ್ ಸಹ ನೋಡ್ರಿ, ಆಫೀಸ್ ಕಂಪ್ಯೂಟರ್ ಇನ್ನೂ ಅಲ್ಲೇ ಕುಂತಿರ್ತದ. ಟೂ-ಸ್ಟೆಪ್ ವೆರಿಫಿಕೇಶನ್‌ಗೆ 6 ಅಂಕಿ ಪಿನ್ ಹಾಕ್ರಿ, ಹುಟ್ಟಿದ ತಾರೀಕು ಬ್ಯಾಡ.

ರಮೇಶ: ನಾನು ಬೀಗ ಹಾಕ್ದೆ ಅಂತಿಟ್ಕೋ. ಈ ಗುಂಪಲ್ಲಿ ಮಿಕ್ಕೋರು ಹಾಕದಿದ್ರೆ?

ಶೈಲಾ: ನಿನ್ನ ಮಾತು ಅವರ ಡ್ರೈವಲ್ಲಿ ಬೀಗ ಇಲ್ದೆ ಕೂತಿರುತ್ತೆ. ಅದಕ್ಕೇ ಗುಂಪಲ್ಲಿ ಹೇಳ್ತಿರೋದು.

ಬಸವರಾಜ: ಬೀಗ ಹಾಕಿದ್ರೂ ಯಾರು ಯಾರ ಕೂಡ, ಎಷ್ಟೊತ್ತಿಗೆ, ಯಾವ ಐಪಿಯಿಂದ (ಇಂಟರ್ನೆಟ್ ವಿಳಾಸ) ಅನ್ನೋದು ಕಂಪನಿಗೆ ಕಾಣ್ತದ. ಸಿಗ್ನಲ್ ಅನ್ನೋ ಇನ್ನೊಂದು ಮೆಸೇಜ್ ಆ್ಯಪ್‌ನವರಿಗೆ ಅಮೆರಿಕಾದಾಗ ಕೋರ್ಟ್ ಕಾಗದ ಬಂದಾಗ ಅವರು ಕೊಟ್ಟದ್ದು ಎರಡು ಸಂಗತಿ: ಅಕೌಂಟ್ ತೆರೆದ ಸಮಯ, ಕಡೀಗೆ ಕನೆಕ್ಟ್ ಆದ ದಿನ. ಗುಂಪು ಅಲ್ಲಿಗೆ ಒಯ್ಯೂಣ.

ಶೈಲಾ: ಒಯ್ಯೋಣ ಅಂತ ಎರಡು ವರ್ಷದಿಂದ ಹೇಳ್ತಿದೀಯ. ಮೊದ್ಲು ಇಲ್ಲಿ ಬೀಗ ಬೀಳ್ಲಿ.

ಮಂಜುನಾಥ: ಆನ್ ಮಾಡ್ದೆ. 64ರ ಕೀ ಬಂತು. ಮರೀಬಾರ್ದು ಅಂತ ವಾಟ್ಸಾಪಲ್ಲೇ ನನಗೇ ಮೆಸೇಜ್ ಹಾಕ್ಕೊಂಡೆ 👍

ಶೈಲಾ: ಫೋನ್ ಕಳೆದ ದಿನ ಆ ಮೆಸೇಜ್ ವಾಪಸ್ ತೆಗೆಯೋಕೆ ಅದೇ ಕೀ ಬೇಕು ಮಂಜಾ. ಪೆನ್ನು ತಗೋ.