ಸಹಾಯ ಬೇಕು: ಡಿಸ್ಕ್‌ವರ್ಲ್ಡ್‌ನಲ್ಲಿ ಮುಂದೆ ಯಾವುದು ಓದಲಿ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಟೆರ್ರಿ ಪ್ರಾಚೆಟ್ ಓದಿದವರು ಯಾರಾದರೂ ಇದ್ದೀರಾ? ಅವರ ಡಿಸ್ಕ್‌ವರ್ಲ್ಡ್ ಅನ್ನೋ ಹಾಸ್ಯ-ಫ್ಯಾಂಟಸಿ ಸರಣಿಯಲ್ಲಿ ಒಟ್ಟು 41 ಇಂಗ್ಲಿಷ್ ಕಾದಂಬರಿಗಳಿವೆ, 1983ರಿಂದ 2015ರವರೆಗೆ ಬಂದವು. ನಾನು 1989ರ 'ಗಾರ್ಡ್ಸ್! ಗಾರ್ಡ್ಸ್!' ಓದಿ ಮುಗಿಸಿದೆ. ಈಗ ಹುಚ್ಚು ಹಿಡಿದಿದೆ. ರಾತ್ರಿ ಊರು ಕಾಯಬೇಕಾದ ಕ್ಯಾಪ್ಟನ್ನೇ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾನೆ. ಮಾಂತ್ರಿಕರ ವಿಶ್ವವಿದ್ಯಾಲಯದ ಲೈಬ್ರರಿಯನ್ ಒಬ್ಬ ಒರಾಂಗುಟಾನ್! 'ಊಕ್' ಅಂದರೆ ಸಾಕು, ಎದುರಿಗಿದ್ದವರಿಗೆ ಎಲ್ಲ ಗೊತ್ತಾಗುತ್ತದೆ. ಅವನನ್ನು ಕೋತಿ ಅಂದವರ ಕಥೆ ಮಾತ್ರ ಮುಗೀತು.

ಮುಂದೆ ಇದೇ ಕಾವಲುಗಾರರ 'ಮೆನ್ ಅಟ್ ಆರ್ಮ್ಸ್' ಹಿಡಿಯಲಾ, ಇಲ್ಲ ಸಾವೇ ಒಂದು ಪಾತ್ರವಾಗಿರುವ 'ಮಾರ್ಟ್' ಓದಲಾ? ಬಂದ ಕ್ರಮದಲ್ಲೇ ಓದು ಅಂತ ಮಾತ್ರ ಹೇಳಬೇಡಿ. ಮೊದಲ ಪುಸ್ತಕ ಸುಮ್ನೆ ತಿರುಗಿಸಿ ನೋಡಿದೆ, ನನಗೆ ಅಷ್ಟು ಹಿಡಿಸಲಿಲ್ಲ.

ಇನ್ನೊಂದು ವಿಷಯ. 'ಗಾರ್ಡ್ಸ್! ಗಾರ್ಡ್ಸ್!' ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯಬೇಕು ಅಂತಿದ್ದೀನಿ. ಕಥೆಯಲ್ಲಿ ಊರಿಗೆ ಡ್ರ್ಯಾಗನ್ ಕರೆಸಿದ್ದು ಯಾರು ಅಂತ ಬಾಯಿಬಿಡದೆ ಕಥೆ ಎಷ್ಟು ಹೇಳಬಹುದು? ನೀವು ಎಲ್ಲಿಗೆ ನಿಲ್ಲಿಸ್ತೀರಿ? ಜಾಸ್ತಿ ಹೇಳಿದರೆ ಓದುವವರ ಮಜಾ ಹೋಗುತ್ತೆ, ಅಲ್ವಾ?

ಹಾಗೇ, ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಈ ಸರಣಿಯ ಯಾವ ಪ್ರತಿ ಕಂಡರೂ ಒಂದು ಮೆಸೇಜ್ ಹಾಕಿ ಪ್ಲೀಸ್.