ಹೆದ್ದಾರಿ ಕೋಳಿಗಳ ಮೂಲ: ಲಾರಿ ಪಲ್ಟಿಯಾದ ಕಥೆಯೊಂದೇ ಸಾಕೇ?

ಹೆಬ್ಬಾಳದ ಓದುಗ: ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 101ನೇ ಹೆದ್ದಾರಿಯಿಂದ ವೈನ್‌ಲ್ಯಾಂಡ್ ಅವೆನ್ಯೂಗೆ ಇಳಿಯುವ ರಸ್ತೆಯ ಕೆಳಗೆ 1970ರ ಸುಮಾರಿನಿಂದ ಕೋಳಿಗಳು ತಾವಾಗಿಯೇ ಬದುಕಿಕೊಂಡು ಬಂದವು. ಕೋಳಿ ಲಾರಿಯೊಂದು ಪಲ್ಟಿಯಾದಾಗ ತಪ್ಪಿಸಿಕೊಂಡವು ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಮಾತು. ತುಮಕೂರು ರಸ್ತೆಯಲ್ಲಿ ಕೋಳಿ ಲಾರಿಗಳನ್ನು ನೋಡುತ್ತಲೇ ಇರುವ ನನಗೆ ಇದನ್ನು ನಂಬಲು ಕಷ್ಟವೇನಿಲ್ಲ.

ಹೆಸರಘಟ್ಟದವಳು: ಸರ್, ಲಾರಿ ಮಗುಚಿದರೆ ಕೋಳಿ ಸಿಗುತ್ತದೆ, ಸಂತತಿ ಸಿಗುವುದಿಲ್ಲ. ಮೊಟ್ಟೆಯ ಫಾರಂಗಳಲ್ಲಿ ಸಾಕುವುದು ಹೇಂಟೆಗಳನ್ನು ಮಾತ್ರ. ಹುಂಜವಿಲ್ಲದೆ ಮೊಟ್ಟೆ ಮರಿಯಾಗುವುದು ಹೇಗೆ?

ಹೆಬ್ಬಾಳದ ಓದುಗ: ಅದು ಮಾಂಸದ ಕೋಳಿಗಳ ಲಾರಿಯೂ ಆಗಿರಬಹುದಲ್ಲ! ಅವುಗಳಲ್ಲಿ ಗಂಡೂ ಇರುತ್ತವೆ, ಹೆಣ್ಣೂ ಇರುತ್ತವೆ.

ಹೆಸರಘಟ್ಟದವಳು: ಅವು ಸುಮಾರು ಎರಡು ತಿಂಗಳಿಗೇ ಕತ್ತಿಗೆ ಹೋಗುವ ಎಳೆಯ ಕೋಳಿಗಳು. ಇನ್ನು ಕಾವಿನ ಮಾತು. ನಮ್ಮ ನಾಟಿ ಹೇಂಟೆ ಕಾವಿಗೆ ಕೂತ 21 ದಿನವೂ ನಾನು ನೋಡಿದ್ದೇನೆ. ದಿನಕ್ಕೊಮ್ಮೆ ಎದ್ದು, ಆತುರಾತುರವಾಗಿ ರಾಗಿ ಹೆಕ್ಕಿ, ಗರಿ ಕೆದರಿಕೊಂಡು ಮತ್ತೆ ಕುಕ್ಕೆಗೆ ಮರಳುತ್ತಿತ್ತು. ಹತ್ತಿರ ಕೈ ಚಾಚಿದರೆ ಕುಕ್ಕಿಬಿಡುತ್ತಿತ್ತು. ಫಾರಂ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಅಳಿಸಿಹೋಗಿದೆ. ಯಾರೋ ಮನೆಯಲ್ಲಿ ಸಾಕಿದ ಕೋಳಿಗಳನ್ನು ಅಲ್ಲಿ ಬಿಟ್ಟು ಹೋಗಿರಬೇಕು ಎಂಬುದೇ ನನ್ನ ಅನಿಸಿಕೆ.

ಮಲ್ಲೇಶ್ವರದ ನಿವೃತ್ತ ಶಿಕ್ಷಕ: ಇಬ್ಬರೂ ಬಂದದ್ದನ್ನೇ ಹಿಡಿದು ಜಗ್ಗುತ್ತಿದ್ದೀರಿ, ಉಳಿದದ್ದು ಹೇಗೆಂದು ಕೇಳುತ್ತಿಲ್ಲ. ಹತ್ತಿರದ ವೃದ್ಧೆಯೊಬ್ಬರು ವರ್ಷಗಟ್ಟಲೆ ಅವುಗಳಿಗೆ ಕಾಳು ಹಾಕಿದರು. ವಯಸ್ಸಾಗಿ ಅವರಿಗೆ ಕೈಲಾಗದಂತಾದ ಮೇಲೆ, 1976ರಲ್ಲಿ, ಪ್ರಾಣಿಪ್ರಿಯರು ಸುಮಾರು ನೂರು ಕೋಳಿಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರು. ಸಿಗದೆ ಉಳಿದವುಗಳಿಂದ ಹಿಂಡು ಮತ್ತೆ ಬೆಳೆಯಿತು. ಆ ಜಾಗದ ಇತಿಹಾಸ ಬರೆಯುವವರು ಮೊದಲು ಆ ತಾಯಿಯ ಬಗ್ಗೆ ಬರೆಯಲಿ.

ಹೆಬ್ಬಾಳದ ಓದುಗ: ಆದರೆ ಮೇಷ್ಟ್ರೇ, ಹೆದ್ದಾರಿಯ ಪಕ್ಕ ಕಾಳು ಹಾಕುವುದು ಸರಿಯೇ? ಕೋಳಿಯೊಂದು ಅಡ್ಡ ಬಂದು ಬೈಕಿನವನು ಬಿದ್ದರೆ?

ಮಲ್ಲೇಶ್ವರದ ನಿವೃತ್ತ ಶಿಕ್ಷಕ: ಆ ಅಪಾಯ ಇದ್ದೇ ಇದೆ, ಒಪ್ಪುತ್ತೇನೆ. ಆದ್ದರಿಂದಲೇ 1976ರ ಸ್ಥಳಾಂತರ ಸರಿ ಎನ್ನುತ್ತೇನೆ. ಆದರೆ ಹಸಿದ ಕೋಳಿ ಕಾಳು ಹುಡುಕಿಕೊಂಡು ಇನ್ನೂ ದೂರ, ರಸ್ತೆಯ ನಡುವಿಗೇ ಬರುತ್ತದೆ.

ಹೆಸರಘಟ್ಟದವಳು: ಇದು ನಿಜ. ಸಂಜೆ ಕಾಳು ಹಾಕುವುದು ತಡವಾದರೆ ನಮ್ಮ ಕೋಳಿಗಳೂ ಗೇಟು ದಾಟಿ ಬೀದಿಗೆ ಇಳಿದಿರುತ್ತವೆ. ಆದರೂ ಮೇಷ್ಟ್ರೇ, ಮೊದಲ ಹುಂಜ ಎಲ್ಲಿಂದ ಬಂತೆಂದು ನೀವೂ ಹೇಳಲಿಲ್ಲ.